ಎಂಟು ಲೋಟದ ಲೆಕ್ಕದಲ್ಲಿ ಚಹಾಕ್ಕೂ ಜಾಗವಿದೆ

ನಮ್ಮ ದೊಡ್ಡಪ್ಪನ ಮಗನಿಗೆ ಡಯಾಲಿಸಿಸ್ ಶುರುವಾಗಿ ಕೆಲವು ವರ್ಷಗಳಾದವು. ಅವನ ಅಡುಗೆಮನೆ ಕಟ್ಟೆಯ ಮೇಲೆ ಒಂದು ಲೀಟರಿನ ಬಾಟಲಿ ಯಾವಾಗಲೂ ಇರುತ್ತದೆ. ಬೆಳಿಗ್ಗೆ ಎದ್ದವನೇ ಅದಕ್ಕೆ ಮುಕ್ಕಾಲು ಭಾಗ ನೀರು ತುಂಬಿಸಿಡುತ್ತಾನೆ. ಆ ದಿನಕ್ಕೆ ವೈದ್ಯರು ಅಳೆದು ಕೊಟ್ಟ ಪಾಲು ಅಷ್ಟೇ. ಅರ್ಧ ಲೋಟ ಚಹಾ ಕುಡಿದರೆ ಬಾಟಲಿಯಿಂದ ಅರ್ಧ ಲೋಟ ನೀರನ್ನು ಸಿಂಕಿಗೆ ಸುರಿಯುತ್ತಾನೆ. ಸೂಪ್ ಕುಡಿದರೂ ಅದೇ, ಹಾಲು ಕುಡಿದರೂ ಅದೇ. ಬಾಯಿ ಒಣಗಿ ಐಸ್ ತುಂಡೊಂದನ್ನು ಚೀಪಿದರೆ ಅದಕ್ಕೂ ಒಂದೆರಡು ಚಮಚ ನೀರು ಹೊರಗೆ. ರಾತ್ರಿ ಮಲಗುವ ಹೊತ್ತಿಗೆ ತಳದಲ್ಲಿ ಎರಡು ಗುಟುಕು ಉಳಿದಿದ್ದರೆ ಅವನಿಗೆ ಅದೇ ಹಬ್ಬ.

ಅದೇ ಮನೆಯಲ್ಲಿ ಅವನ ಮಗಳ ಮೊಬೈಲಿನ ಆ್ಯಪ್ ಗಂಟೆಗೊಮ್ಮೆ ಟಿಣ್ ಎನ್ನುತ್ತದೆ, ನೀರು ಕುಡಿಯಿರಿ ಎಂದು. ದಿನಕ್ಕೆ ಎಂಟು ಲೋಟ, ಅದೂ ಬರಿ ನೀರು ಎಂಬುದು ಅದರ ಲೆಕ್ಕ. ನಾನು ಹೋದ ದಿನ ಮಧ್ಯಾಹ್ನದೊಳಗೆ ಅವಳು ಎರಡು ಕಪ್ ಕಾಫಿ, ಒಂದು ಲೋಟ ಹಾಲು, ಒಂದು ಬಟ್ಟಲು ಸೂಪ್ ಮುಗಿಸಿದ್ದಳು. ಆ್ಯಪಿನಲ್ಲಿ ಮಾತ್ರ ಸೊನ್ನೆ. 'ಕಾಫಿ ಲೆಕ್ಕಕ್ಕೆ ಬರಲ್ಲ ಚಿಕ್ಕಪ್ಪ, ಅದು ಮೈಯಲ್ಲಿ ಇರೋ ನೀರನ್ನೂ ತೆಗೆದುಬಿಡುತ್ತೆ' ಎಂದು ನನಗೇ ಪಾಠ ಹೇಳಿದಳು. ಒಂದೇ ಮನೆ, ಒಂದೇ ಪಾತ್ರೆಯಲ್ಲಿ ಕಾದ ಚಹಾ, ಕಾಫಿ. ಅಪ್ಪನ ಲೆಕ್ಕದಲ್ಲಿ ಅದು ಪೂರ್ತಿ ನೀರು, ಮಗಳ ಲೆಕ್ಕದಲ್ಲಿ ನೀರೇ ಅಲ್ಲ.

ಅಪ್ಪನ ಲೆಕ್ಕವನ್ನು ಪರೀಕ್ಷಿಸುವುದು ಸುಲಭ. ಡಯಾಲಿಸಿಸ್‌ಗೆ ಹೋದವರನ್ನು ಮೊದಲು ತೂಕದ ಯಂತ್ರದ ಮೇಲೆ ನಿಲ್ಲಿಸುತ್ತಾರೆ. ಹಿಂದಿನ ಸರದಿ ಮುಗಿಸಿ ಹೋದಾಗ ಇದ್ದ ತೂಕಕ್ಕಿಂತ ಎರಡು ಕೆ.ಜಿ. ಹೆಚ್ಚಾಗಿದ್ದರೆ ಮೈಯಲ್ಲಿ ಹೆಚ್ಚುಕಡಿಮೆ ಎರಡು ಲೀಟರ್ ನೀರು ಸೇರಿದೆ ಎಂದರ್ಥ. ಯಂತ್ರ ಅಷ್ಟನ್ನು ತೆಗೆಯಬೇಕು. ಅದರಲ್ಲಿ ಚಹಾದಿಂದ ಬಂದದ್ದೆಷ್ಟು, ನಲ್ಲಿಯಿಂದ ಬಂದದ್ದೆಷ್ಟು ಎಂದು ಅಲ್ಲಿ ಯಾರೂ ಕೇಳುವುದಿಲ್ಲ.

ಆದರೆ ಹುಡುಗಿ ಜಾಣೆ. 'ಅಪ್ಪನ ಕಿಡ್ನಿ ಕೆಲಸ ಮಾಡಲ್ಲ ಚಿಕ್ಕಪ್ಪ. ಕಾಫಿ ನೀರು ತೆಗೆಯೋದೇ ಕಿಡ್ನಿ ಮೂಲಕ ತಾನೇ?' ಎಂದಳು. ಈ ಪ್ರಶ್ನೆಯಲ್ಲಿ ಹುರುಳಿದೆ. ಹಾಗಾಗಿ ಮಾತು ಆರೋಗ್ಯವಂತರ ಕಿಡ್ನಿಗೇ ಬರಬೇಕು.

ಎರಡು ಕಿಡ್ನಿಗಳೂ ಸೇರಿ ದಿನಕ್ಕೆ ಸುಮಾರು 180 ಲೀಟರ್ ದ್ರವವನ್ನು ಸೋಸುತ್ತವೆ. ಅದರಲ್ಲಿ ಮೂತ್ರವಾಗಿ ಹೊರಬರುವುದು ಒಂದರಿಂದ ಎರಡು ಲೀಟರ್. ಉಳಿದದ್ದೆಲ್ಲ ಮತ್ತೆ ರಕ್ತಕ್ಕೇ ಹೋಗುತ್ತದೆ. ಎಷ್ಟು ಬಿಡಬೇಕು, ಎಷ್ಟು ಹಿಡಿದಿಡಬೇಕು ಎಂಬುದನ್ನು ಬಹುಮಟ್ಟಿಗೆ ನಿರ್ಧರಿಸುವುದು ಮೆದುಳಿನಿಂದ ಇಳಿದು ಬರುವ ವಾಸೊಪ್ರೆಸಿನ್ ಎಂಬ ಹಾರ್ಮೋನು. ರಕ್ತದ ಗಾಢತೆ ನೂರಕ್ಕೆ ಒಂದೆರಡು ಪಾಲು ಏರಿದರೆ ಸಾಕು, ಈ ಹಾರ್ಮೋನು ಹೆಚ್ಚಾಗುತ್ತದೆ, ಮೂತ್ರ ಕಡಿಮೆಯಾಗುತ್ತದೆ, ಬಾಯಾರಿಕೆಯೂ ಹುಟ್ಟುತ್ತದೆ. ಗಾಢತೆ ಇಳಿದರೆ ಉಲ್ಟಾ. ನೀರು ಯಾವ ಲೋಟದಿಂದ ಬಂತು ಎಂಬುದು ಈ ವ್ಯವಸ್ಥೆಗೆ ಗೊತ್ತಾಗುವ ದಾರಿಯೇ ಇಲ್ಲ. ನೀರಿನ ಜೊತೆ ಏನು ಬಂತು ಎಂಬುದು ಮಾತ್ರ ಗೊತ್ತಾಗುತ್ತದೆ.

ಕಾಫಿಯ ಜೊತೆ ಬರುವುದು ಕೆಫೀನ್. ಅದು ಕಿಡ್ನಿಯ ನಳಿಕೆಗಳು ಸೋಡಿಯಂ ಅನ್ನು ಹಿಂದಕ್ಕೆ ಹೀರಿಕೊಳ್ಳುವುದನ್ನು ಸ್ವಲ್ಪ ತಡೆಯುತ್ತದೆ. ಸೋಡಿಯಂ ಹೋದಲ್ಲಿ ನೀರೂ ಹೋಗುತ್ತದೆ. ಹಾಗಾಗಿ ಕೆಫೀನ್ ಮೂತ್ರವರ್ಧಕ ಎನ್ನುವುದು ಸುಳ್ಳಲ್ಲ. ಸುಳ್ಳಾಗಿರುವುದು ಪ್ರಮಾಣ. ಕಾಫಿ ಕುಡಿದರೆ ನೀರು ಕಳೆದುಕೊಳ್ಳುತ್ತೇವೆ ಎಂಬ ಮಾತಿನ ಬೇರು ಹುಡುಕಿದವರು ಸಾಮಾನ್ಯವಾಗಿ ಹೋಗಿ ನಿಲ್ಲುವುದು 1928ರ ಒಂದು ಪ್ರಯೋಗದ ಮುಂದೆ. ಅದರಲ್ಲಿ ಪಾಲ್ಗೊಂಡವರು ಮೂರೇ ಮೂರು ಜನ! ಆ ಪ್ರಯೋಗದ ಮುಖ್ಯ ವಿಷಯವೂ ಕೆಫೀನ್ ಮೂತ್ರ ಹೆಚ್ಚಿಸುತ್ತದೆ ಎಂಬುದಲ್ಲ, ರೂಢಿಯಾದಂತೆ ಆ ಪರಿಣಾಮ ಹೇಗೆ ಕುಗ್ಗುತ್ತದೆ ಎಂಬುದು. ಮುಂದೆ ಕಿವಿಯಿಂದ ಕಿವಿಗೆ ದಾಟುವಾಗ ಮೊದಲರ್ಧ ಉಳಿಯಿತು, ಉಳಿದರ್ಧ ಬಿದ್ದುಹೋಯಿತು.

2003ರಲ್ಲಿ ಅದುವರೆಗಿನ ಸಂಶೋಧನೆಗಳನ್ನು ಒಟ್ಟಿಗೆ ಪರಿಶೀಲಿಸಿದಾಗ ಕಂಡದ್ದು ಇಷ್ಟು. ದಿನಗಟ್ಟಲೆ ಕೆಫೀನ್ ಮುಟ್ಟದವರು ಒಮ್ಮೆಗೇ 250ರಿಂದ 300 ಮಿಲಿಗ್ರಾಂ, ಅಂದರೆ ಎರಡು ಮೂರು ಕಪ್ ಕಾಫಿಯಷ್ಟು ಕೆಫೀನ್ ತೆಗೆದುಕೊಂಡರೆ ಸ್ವಲ್ಪ ಹೊತ್ತು ಮೂತ್ರ ಹೆಚ್ಚುತ್ತದೆ. ದಿನಾ ಕುಡಿಯುವವರಲ್ಲಿ ಈ ಪರಿಣಾಮ ಬಹಳ ಕಡಿಮೆ. 2014ರಲ್ಲಿ ಬ್ರಿಟನ್ನಿನ ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯದವರು ಕಾಫಿ ರೂಢಿಯಿದ್ದ 50 ಗಂಡಸರಿಗೆ ಮೂರು ದಿನ ದಿನಕ್ಕೆ ನಾಲ್ಕು ಸಲ 200 ಮಿ.ಲೀ. ಕಾಫಿ ಕೊಟ್ಟರು, ಇನ್ನೊಂದು ಮೂರು ದಿನ ಅಷ್ಟೇ ನೀರು ಕೊಟ್ಟರು. ದೇಹದ ಒಟ್ಟು ನೀರಿನಲ್ಲಿ ವ್ಯತ್ಯಾಸ ಸಿಗಲಿಲ್ಲ. ಚಹಾದ ಮೇಲೂ ಇಂಥದ್ದೇ ಪ್ರಯೋಗ ನಡೆದಿದೆ, ಉತ್ತರವೂ ಇದೇ.

'ಹಾಗಾದರೆ ಕಾಫಿ ಕುಡಿದ ಅರ್ಧ ಗಂಟೆಗೆ ಓಡುವುದೇಕೆ?' ಎಂದು ಕೇಳುವವರಿದ್ದಾರೆ. ಕಾಫಿಯೂ ಒಂದು ಲೋಟ ದ್ರವವೇ, ನೀರು ಕುಡಿದಿದ್ದರೂ ಹೋಗಲೇಬೇಕಿತ್ತು. ಜೊತೆಗೆ ಕೆಲವರಲ್ಲಿ ಕೆಫೀನ್ ಮೂತ್ರಕೋಶವನ್ನು ಕೆಣಕಿ ಅವಸರ ತರುತ್ತದೆ. ಹೆಚ್ಚು ಸಲ ಹೋದೆವೆಂದರೆ ಹೆಚ್ಚು ನೀರು ಹೋಯಿತೆಂದೇನೂ ಅಲ್ಲ.

ಈ ವಾದವನ್ನೆಲ್ಲ ಒಂದೇ ಕೋಣೆಯಲ್ಲಿ ಕೂರಿಸಿ ಅಳೆದ ಪ್ರಯೋಗವೊಂದು 2016ರಲ್ಲಿ ಪ್ರಕಟವಾಯಿತು. 72 ಗಂಡಸರು, 13 ಪಾನೀಯಗಳು. ಖಾಲಿ ಹೊಟ್ಟೆಯಲ್ಲಿ ಅರ್ಧ ಗಂಟೆಯೊಳಗೆ ಒಂದು ಲೀಟರ್ ಕುಡಿಸಿ, ಆಮೇಲೆ ನಾಲ್ಕು ಗಂಟೆ ಕಾಲ ಮೂತ್ರವನ್ನು ತೂಗಿದರು. ಬರಿ ನೀರು ಕುಡಿದವರಲ್ಲಿ ಸರಾಸರಿ 1,337 ಗ್ರಾಂ ಬಂತು. ಕೋಲಾ, ಡಯೆಟ್ ಕೋಲಾ, ಬಿಸಿ ಚಹಾ, ತಣ್ಣನೆ ಚಹಾ, ಕಾಫಿ, ಸ್ಪೋರ್ಟ್ಸ್ ಡ್ರಿಂಕ್, ಸೋಡಾ ನೀರು, ಕಿತ್ತಳೆ ರಸ, ಕೊನೆಗೆ ಬಿಯರ್ ಕೂಡ, ನಾಲ್ಕು ಗಂಟೆಯ ಕೊನೆಗೆ ನೀರಿನಿಂದ ಬೇರೆ ಎನ್ನುವಂತೆ ಕಾಣಲಿಲ್ಲ. ಮೂರು ಮಾತ್ರ ಎದ್ದು ಕಂಡವು. ಭೇದಿಯಾದಾಗ ಕೊಡುವ ಉಪ್ಪು, ಗ್ಲೂಕೋಸಿನ ದ್ರಾವಣ ಓಆರ್‌ಎಸ್ ಕುಡಿದವರಲ್ಲಿ 1,038 ಗ್ರಾಂ, ಕೆನೆ ತೆಗೆದ ಹಾಲಿನಲ್ಲಿ 1,049, ಕೆನೆ ಸಹಿತ ಹಾಲಿನಲ್ಲಿ 1,052. ಎಂದರೆ ನೀರಿಗಿಂತ ಹೆಚ್ಚುಕಡಿಮೆ 300 ಗ್ರಾಂ ಹೆಚ್ಚಾಗಿ ದೇಹದಲ್ಲೇ ಉಳಿಯಿತು.

ಹಾಲಿನಲ್ಲಿ ನೀರು ನೂರಕ್ಕೆ 87ರಷ್ಟು. ಹಾಗಿದ್ದೂ ಪೂರ್ತಿ ನೀರಾದ ನೀರಿಗಿಂತ ಅದು ಹೆಚ್ಚು ಹೊತ್ತು ನಿಂತದ್ದು ಹೇಗೆ? ಕಾರಣ ಅದರ ಜೊತೆ ಬರುವ ಸೋಡಿಯಂ, ಪೊಟ್ಯಾಸಿಯಂ, ಲ್ಯಾಕ್ಟೋಸ್, ಪ್ರೋಟೀನು. ಹೊಟ್ಟೆಯಿಂದ ಕರುಳಿಗೆ ನಿಧಾನವಾಗಿ ಇಳಿಯುತ್ತದೆ, ಹಾಗಾಗಿ ರಕ್ತ ಒಮ್ಮೆಲೇ ತೆಳುವಾಗುವುದಿಲ್ಲ, ಕಿಡ್ನಿಗೆ 'ಹೆಚ್ಚಾಯಿತು, ಬಿಡು' ಎಂಬ ಸಂದೇಶ ಹೋಗುವುದಿಲ್ಲ. ಬರಿ ನೀರನ್ನು ಒಂದೇ ಉಸಿರಿಗೆ ಒಂದು ಲೀಟರ್ ಕುಡಿದರೆ ಆ ಸಂದೇಶ ಕೂಡಲೇ ಹೋಗುತ್ತದೆ. ಗುಟುಕು ಗುಟುಕಾಗಿ ಕುಡಿದರೆ, ಊಟದ ಜೊತೆ ಕುಡಿದರೆ, ಅದೇ ನೀರು ಹೆಚ್ಚು ಹೊತ್ತು ನಿಲ್ಲುತ್ತದೆ.

ಈ ಪ್ರಯೋಗದಿಂದ ಹುಟ್ಟಿದ ಒಂದು ಸೂಚ್ಯಂಕ ಈಗ ಜಾಹೀರಾತಿನಿಂದ ಆ್ಯಪಿನವರೆಗೆ ಎಲ್ಲೆಲ್ಲೂ ಓಡಾಡುತ್ತಿದೆ. ಮೊದಲ ಎರಡು ಗಂಟೆಯ ಮೂತ್ರದ ಲೆಕ್ಕದಲ್ಲಿ ನೀರಿಗೆ 1 ಅಂಕ ಕೊಟ್ಟರೆ ಹಾಲಿಗೆ ಸುಮಾರು 1.5 ಬರುತ್ತದೆ. ಇದನ್ನು 'ಒಂದು ಲೋಟ ಹಾಲು ಒಂದೂವರೆ ಲೋಟ ನೀರಿಗೆ ಸಮ' ಎಂದು ಓದುವವರಿದ್ದಾರೆ. ಸಮ ಅಲ್ಲ. ಮೊದಲೇ ಮೈತುಂಬ ನೀರಿದ್ದ, ಉಪವಾಸವಿದ್ದ ಗಂಡಸರಿಗೆ ಲೀಟರುಗಟ್ಟಲೆ ಸುರಿದಾಗ ಹೊರಬಂದ ಮೂತ್ರದ ಅನುಪಾತವಷ್ಟೇ ಅದು. ಬರಿ ಹೊಟ್ಟೆಗೆ ಅರ್ಧ ಗಂಟೆಯಲ್ಲಿ ಒಂದು ಲೀಟರ್ ಕಾಫಿ ಕುಡಿಯುವ ಮನುಷ್ಯನನ್ನು ನಾನಂತೂ ಕಂಡಿಲ್ಲ. ಊಟ ತಿಂಡಿಯ ನಡುವೆ ಉಪ್ಪು, ಪ್ರೋಟೀನು ಎಲ್ಲ ಬೇರೆ ದಾರಿಯಿಂದ ಬರುವಾಗ ಪಾನೀಯಗಳ ನಡುವಿನ ಈ ಅಂತರವೂ ಕುಗ್ಗುತ್ತದೆ.

ಮದ್ಯದ ಮಾತು ಸ್ವಲ್ಪ ಬೇರೆ. ಆಲ್ಕೋಹಾಲ್ ವಾಸೊಪ್ರೆಸಿನ್ ಹಾರ್ಮೋನನ್ನೇ ಅದುಮಿಹಾಕುತ್ತದೆ. 1942ರಲ್ಲಿ ಪ್ರಕಟವಾದ ಹಳೆಯ ಅಳತೆಯೊಂದರ ಪ್ರಕಾರ ಒಂದು ಗ್ರಾಂ ಆಲ್ಕೋಹಾಲಿಗೆ ಸುಮಾರು 10 ಮಿ.ಲೀ. ಮೂತ್ರ ಹೆಚ್ಚಾಗುತ್ತದೆ. ಈ ಒಂದು ಅಂಕಿಯನ್ನು ಕೈಯಲ್ಲಿಟ್ಟುಕೊಂಡು ಲೆಕ್ಕ ಹಾಕಬಹುದು. ನೂರಕ್ಕೆ 5ರ 330 ಮಿ.ಲೀ. ಬಿಯರಿನಲ್ಲಿ 13 ಗ್ರಾಂ ಆಲ್ಕೋಹಾಲ್, 130 ಮಿ.ಲೀ. ಹೆಚ್ಚುವರಿ ಖರ್ಚು, ಆದರೂ 200 ಮಿ.ಲೀ.ಯಷ್ಟು ಜಮೆ. 150 ಮಿ.ಲೀ. ವೈನಿನಲ್ಲಿ 15 ಗ್ರಾಂ, ಬಂದದ್ದಕ್ಕೂ ಹೋದದ್ದಕ್ಕೂ ಸರಿ. 30 ಮಿ.ಲೀ. ವಿಸ್ಕಿಯಲ್ಲಿ ಒಂಬತ್ತೂವರೆ ಗ್ರಾಂ, 95 ಮಿ.ಲೀ. ಖರ್ಚು. ಇಲ್ಲಿ ನಿಜಕ್ಕೂ ಕೈಯಿಂದ ಹಾಕಬೇಕು. ಮೈಯಲ್ಲಿ ನೀರು ಕಡಿಮೆಯಿದ್ದಾಗ ದೇಹ ಬಿಗಿ ಹಿಡಿಯುವುದರಿಂದ ಈ ಖರ್ಚು ಇನ್ನೂ ಕಡಿಮೆ, ಹಾಗಾಗಿ ಇದನ್ನು ಮೇಲ್ಮಿತಿ ಎಂದೇ ಓದಿಕೊಳ್ಳಬೇಕು. ಬಿಯರ್ ಲೆಕ್ಕಕ್ಕೆ ಬರುತ್ತದೆ ಎಂದರೆ ಬಾಯಾರಿಕೆಗೆ ಬಿಯರ್ ಕುಡಿಯಿರಿ ಎಂದಲ್ಲ ಎನ್ನುವುದನ್ನು ಬಿಡಿಸಿ ಹೇಳಬೇಕಿಲ್ಲವಷ್ಟೇ. ಕುಡಿದಷ್ಟೂ ನಿಶ್ಚಿತವಾಗಿ ನೀರು ಕಳೆಯುವ ಪಾನೀಯವೆಂದರೆ ಸಮುದ್ರದ ನೀರು. ಲೀಟರಿಗೆ ಸುಮಾರು 35 ಗ್ರಾಂ ಲವಣ, ಅದನ್ನು ಹೊರದಬ್ಬಲು ಕಿಡ್ನಿಗೆ ಒಂದು ಲೀಟರಿಗಿಂತ ಹೆಚ್ಚು ನೀರು ಬೇಕು.

ಇಷ್ಟೆಲ್ಲ ಪುರಾವೆ ಇರುವಾಗ 'ಎಂಟು ಲೋಟ, ಅದೂ ಬರಿ ನೀರು' ಎಂಬ ಶಾಸನ ಎಲ್ಲಿಂದ ಬಂತು? 1945ರಲ್ಲಿ ಅಮೆರಿಕದ ರಾಷ್ಟ್ರೀಯ ಸಂಶೋಧನಾ ಮಂಡಳಿಯ ಆಹಾರ ವಿಭಾಗ ವಯಸ್ಕರಿಗೆ ದಿನಕ್ಕೆ ಎರಡೂವರೆ ಲೀಟರ್ ನೀರು ಸಾಕು, ತಿನ್ನುವ ಪ್ರತಿ ಕ್ಯಾಲೊರಿಗೆ ಒಂದು ಮಿ.ಲೀ. ಎಂದು ಬರೆಯಿತು. ಅದರ ಬೆನ್ನಿಗೇ ಇನ್ನೊಂದು ವಾಕ್ಯವಿತ್ತು: ಇದರಲ್ಲಿ ಹೆಚ್ಚಿನ ಪಾಲು ತಯಾರಿಸಿದ ಆಹಾರದಲ್ಲೇ ಇರುತ್ತದೆ ಎಂದು. ಆ ವಾಕ್ಯವನ್ನು ಓದದೆ ಪುಟ ಮಗುಚಿದವರೇ ಹೆಚ್ಚು. ಡಾರ್ಟ್‌ಮತ್ ವೈದ್ಯಕೀಯ ಶಾಲೆಯ ಕಿಡ್ನಿ ತಜ್ಞ ಹೈನ್ಜ್ ವಾಲ್ಟಿನ್ 2002ರಲ್ಲಿ ಎಂಟು ಲೋಟದ ಹಿಂದೆ ಯಾವ ವೈಜ್ಞಾನಿಕ ಆಧಾರವಿದೆ ಎಂದು ಜಾಲಾಡಿದರು. ಹಿತವಾದ ಹವೆಯಲ್ಲಿ, ಹೆಚ್ಚು ಮೈಮುರಿಯದೆ ಬದುಕುವ ಆರೋಗ್ಯವಂತರಿಗೆ ಅಷ್ಟು ಬೇಕೇಬೇಕು ಎನ್ನುವ ಒಂದು ಪುರಾವೆಯೂ ಅವರಿಗೆ ಸಿಗಲಿಲ್ಲ. ಈ 1945ರ ಸಾಲೇ ಮೂಲವಿರಬಹುದು ಎಂದು ಅವರೇ ಊಹಿಸಿದವರು.

ಈಗ ಚಾಲ್ತಿಯಲ್ಲಿರುವ ಅಂಕಿಗಳಿಗೂ ಇದೇ ಗತಿ ಒದಗುತ್ತಿದೆ. 2004ರಲ್ಲಿ ಅಮೆರಿಕದ ಇನ್‌ಸ್ಟಿಟ್ಯೂಟ್ ಆಫ್ ಮೆಡಿಸಿನ್ ಗಂಡಸರಿಗೆ 3.7 ಲೀಟರ್, ಹೆಂಗಸರಿಗೆ 2.7 ಲೀಟರ್ ಎಂದಿತು. 2010ರಲ್ಲಿ ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ 2.5 ಮತ್ತು 2 ಲೀಟರ್ ಎಂದಿತು. ಎರಡರಲ್ಲೂ ಇರುವ ಪದ 'ಒಟ್ಟು ನೀರು'. ಎಲ್ಲ ಪಾನೀಯಗಳ ನೀರು, ಅದರ ಮೇಲೆ ಆಹಾರದ ನೀರು. ಸೌತೆಕಾಯಿ ನೂರಕ್ಕೆ 95 ಪಾಲು ನೀರು, ಕಲ್ಲಂಗಡಿ 90ರ ಮೇಲೆ. ಬೇಯುವಾಗ ಕಾಳು ಹೀರಿಕೊಂಡ ನೀರು ಕೂಡ ತಿನ್ನುವಾಗ ಹೊಟ್ಟೆಗೇ ಬರುತ್ತದೆ. ಐದರಲ್ಲಿ ಒಂದು ಪಾಲು ಹೀಗೆ ತಟ್ಟೆಯಿಂದ ಬರುತ್ತದೆ ಎಂಬುದು ಅಮೆರಿಕದ ಅಂದಾಜು. ಸುದ್ದಿಯ ತಲೆಬರಹಕ್ಕೆ ಬರುವ ಹೊತ್ತಿಗೆ 'ಒಟ್ಟು' ಉದುರಿಹೋಗಿ 'ದಿನಕ್ಕೆ 3.7 ಲೀಟರ್ ನೀರು ಕುಡಿಯಿರಿ' ಎಂದಾಗಿರುತ್ತದೆ.

ಎರಡು ಸಂಸ್ಥೆಗಳ ನಡುವೆ ಲೀಟರಿನಷ್ಟು ಅಂತರ ಯಾಕೆ ಎಂದು ಕೇಳಿದರೆ ಇನ್ನೊಂದು ಗುಟ್ಟು ಗೊತ್ತಾಗುತ್ತದೆ. ಅಮೆರಿಕದ ಅಂಕಿ ಆರೋಗ್ಯವಂತ ಜನ ವಾಸ್ತವದಲ್ಲಿ ಎಷ್ಟು ಸೇವಿಸುತ್ತಿದ್ದಾರೆ ಎಂಬ ಸಮೀಕ್ಷೆಯ ಮಧ್ಯಬಿಂದು. ಯುರೋಪು ಅದರ ಜೊತೆ ಮೂತ್ರದ ಗಾಢತೆಯನ್ನೂ ನೋಡಿತು. ಇಷ್ಟಕ್ಕಿಂತ ಕಡಿಮೆಯಾದರೆ ಕಾಯಿಲೆ ಬೀಳುತ್ತೀರಿ ಎಂದು ಇಬ್ಬರೂ ಹೇಳಿಲ್ಲ. 2022ರಲ್ಲಿ 23 ದೇಶಗಳ 5,604 ಜನರ ದೇಹದಲ್ಲಿ ದಿನಕ್ಕೆ ಎಷ್ಟು ನೀರು ಬಂದು ಹೋಗುತ್ತದೆ ಎಂದು ಅಳೆದಾಗ ವಯಸ್ಸು, ಮೈಗಾತ್ರ, ಕೆಲಸ, ಹವೆ ಎಲ್ಲಕ್ಕೂ ತಕ್ಕಂತೆ ಅದು ಬದಲಾಗುವುದು ಕಂಡಿತು. ಎಲ್ಲರಿಗೂ ಒಂದೇ ಅಳತೆಯ ಅಂಗಿ ಹೊಲಿಯುವುದು ಸಾಧ್ಯವಿಲ್ಲ.

ನನಗೆ ಕಾಣುವಂತೆ ಈ ಗೊಂದಲದ ಮೂಲ ಎರಡು ಬೇರೆ ಪ್ರಶ್ನೆಗಳನ್ನು ಒಂದೇ ದಾರಕ್ಕೆ ಪೋಣಿಸಿದ್ದರಲ್ಲಿದೆ. ಇದು ನೀರಿನ ಲೆಕ್ಕಕ್ಕೆ ಬರುತ್ತದೆಯೇ ಎಂಬುದು ಒಂದು. ಇದನ್ನು ಕುಡಿಯುವುದು ಒಳ್ಳೆಯದೇ ಎಂಬುದು ಇನ್ನೊಂದು. ಕೋಲಾ ಕುಡಿಯಬೇಡಿ ಎಂದು ಹೇಳಬೇಕಾದವರು 'ಅದು ನೀರು ಅಲ್ಲ' ಎಂದು ಹೇಳಿಬಿಡುತ್ತಾರೆ. ಉದ್ದೇಶ ಒಳ್ಳೆಯದು, ಕಾರಣ ತಪ್ಪು. ಕೋಲಾ ನೀರಿನ ಲೆಕ್ಕಕ್ಕೆ ಖಂಡಿತ ಬರುತ್ತದೆ, ಅದರಲ್ಲಿ ನೂರಕ್ಕೆ 90ರಷ್ಟು ನೀರೇ ಇದೆ. ಅದನ್ನು ದೂರವಿಡಬೇಕಾದ್ದು 330 ಮಿ.ಲೀ. ಡಬ್ಬಿಯಲ್ಲಿ 35 ಗ್ರಾಂ ಸಕ್ಕರೆ ಇರುವುದಕ್ಕೆ. ಸೇರಿಸಿದ ಸಕ್ಕರೆ ಮತ್ತು ಅದರಂಥವು ದಿನದ ಶಕ್ತಿಯ ನೂರಕ್ಕೆ 10ರೊಳಗಿರಲಿ, 5ರೊಳಗಿದ್ದರೆ ಇನ್ನೂ ಒಳ್ಳೆಯದು ಎಂದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೇಳಿತು. ಆ 5 ಎಂದರೆ 25 ಗ್ರಾಮಿನ ಆಸುಪಾಸು. ಒಂದೇ ಡಬ್ಬಿಗೆ ಗಡಿ ದಾಟಿತು. ಹಣ್ಣಿನ ರಸದ ಸಕ್ಕರೆಯೂ ಇದೇ ಲೆಕ್ಕಕ್ಕೆ ಸೇರುತ್ತದೆ, ಹಣ್ಣನ್ನು ಹಾಗೇ ತಿಂದರೆ ಸೇರುವುದಿಲ್ಲ. ಬ್ರಿಟನ್ನಿನ ಆರೋಗ್ಯ ಇಲಾಖೆ ಚಹಾ, ಕಾಫಿ, ಹಾಲನ್ನೆಲ್ಲ ದಿನದ ಆರರಿಂದ ಎಂಟು ಲೋಟದಲ್ಲಿ ಎಣಿಸಿಕೊಳ್ಳಿ ಎನ್ನುತ್ತದೆ. ಹಣ್ಣಿನ ರಸಕ್ಕೆ ಮಾತ್ರ ದಿನಕ್ಕೆ 150 ಮಿ.ಲೀ. ಎಂದು ಬೇಲಿ ಹಾಕಿದೆ. ಕಾಫಿಗೂ ಮಿತಿ ಇದೆ. ಯುರೋಪಿನವರ ಪ್ರಕಾರ ವಯಸ್ಕರಿಗೆ ದಿನಕ್ಕೆ 400 ಮಿಲಿಗ್ರಾಂ ಕೆಫೀನ್, ಬಸುರಿಯರಿಗೆ 200. ಅದು ನೀರು ಕಳೆಯುತ್ತದೆಂದಲ್ಲ, ನಿದ್ದೆ, ಎದೆಬಡಿತ, ಹೊಟ್ಟೆಯ ಮಗುವಿನ ತೂಕದ ದೃಷ್ಟಿಯಿಂದ.

ಯಾವ ಪಾನೀಯ ಎಂಬುದು ನಿಜಕ್ಕೂ ಪ್ರಾಣದ ಪ್ರಶ್ನೆಯಾಗುವ ಜಾಗ ಒಂದಿದೆ. ಭೇದಿ. ಆಗ ದೇಹದಿಂದ ಹೋಗುವುದು ಬರಿ ನೀರಲ್ಲ, ಉಪ್ಪೂ ಹೋಗುತ್ತದೆ. ಕರುಳಿನ ಗೋಡೆಯಲ್ಲಿ ಗ್ಲೂಕೋಸ್ ಮತ್ತು ಸೋಡಿಯಂ ಜೊತೆಯಾಗಿ ಒಳಗೆ ಬರುವ ಒಂದು ಬಾಗಿಲಿದೆ. ಭೇದಿಯಲ್ಲೂ ಅದು ಮುಚ್ಚುವುದಿಲ್ಲ. ಅವು ಬಂದರೆ ಹಿಂದೆಯೇ ನೀರೂ ಬರುತ್ತದೆ. ಓಆರ್‌ಎಸ್ ನಿಂತಿರುವುದು ಈ ಬಾಗಿಲಿನ ಮೇಲೆ. ವಿಶ್ವ ಆರೋಗ್ಯ ಸಂಸ್ಥೆ 2002ರಿಂದ ಶಿಫಾರಸು ಮಾಡುತ್ತಿರುವ ಮಿಶ್ರಣದಲ್ಲಿ ಲೀಟರ್ ನೀರಿಗೆ 2.6 ಗ್ರಾಂ ಉಪ್ಪು, 13.5 ಗ್ರಾಂ ಗ್ಲೂಕೋಸ್, ಜೊತೆಗೆ ಪೊಟ್ಯಾಸಿಯಂ ಕ್ಲೋರೈಡ್ ಮತ್ತು ಸಿಟ್ರೇಟ್. ಕೋಲಾದಲ್ಲಿ ಲೀಟರಿಗೆ 100 ಗ್ರಾಮಿನ ಮೇಲೆ ಸಕ್ಕರೆ, ಸೋಡಿಯಂ ಇಲ್ಲವೆಂದರೂ ನಡೆಯುತ್ತದೆ. ಅಷ್ಟು ಸಿಹಿ ಕರುಳಿಗಿಳಿದರೆ ಮೈಯ ನೀರನ್ನೇ ಕರುಳಿಗೆ ಎಳೆದು ಭೇದಿಯನ್ನು ಹೆಚ್ಚಿಸಬಹುದು. ಹಣ್ಣಿನ ರಸದ ಕತೆಯೂ ಅಷ್ಟೆ. ಸ್ಪೋರ್ಟ್ಸ್ ಡ್ರಿಂಕ್ ಹೆಸರು ಕೇಳಿ ಮೋಸ ಹೋಗಬಾರದು, ಅದರಲ್ಲಿ ಸಕ್ಕರೆ ಓಆರ್‌ಎಸ್‌ಗಿಂತ ಬಹಳ ಹೆಚ್ಚು, ಉಪ್ಪು ಬಹಳ ಕಡಿಮೆ.

ಬೆವರು ಸುರಿಸಿ ಓಡುವವರ ವಿಷಯದಲ್ಲಿ ಭಯ ಎರಡೂ ಕಡೆಗಿದೆ. 2002ರ ಬಾಸ್ಟನ್ ಮ್ಯಾರಥಾನ್ ಮುಗಿಸಿದ 488 ಓಟಗಾರರ ರಕ್ತ ಪರೀಕ್ಷಿಸಿದಾಗ ನೂರಕ್ಕೆ 13 ಮಂದಿಯಲ್ಲಿ ಸೋಡಿಯಂ ಇರಬೇಕಾದ್ದಕ್ಕಿಂತ ಕೆಳಗಿಳಿದಿತ್ತು. ಓಟ ಮುಗಿಯುವಾಗ ತೂಕ ಇಳಿಯುವ ಬದಲು ಏರಿದ್ದವರಲ್ಲೇ ಅದು ಹೆಚ್ಚು. ಬೇಕಾದ್ದಕ್ಕಿಂತ ಹೆಚ್ಚು ಕುಡಿದಿದ್ದರು. ಕುಡಿದದ್ದು ನೀರೋ ಸ್ಪೋರ್ಟ್ಸ್ ಡ್ರಿಂಕೋ ಎಂಬುದರಿಂದ ವ್ಯತ್ಯಾಸವಾಗಿರಲಿಲ್ಲ. ಆರೋಗ್ಯವಂತ ಕಿಡ್ನಿ ಗಂಟೆಗೆ ಹೆಚ್ಚೆಂದರೆ ಒಂದು ಲೀಟರಿನಷ್ಟು ನೀರನ್ನು ಹೊರಹಾಕಬಲ್ಲದು.

ಲೋಟ ಎಣಿಸಲೇಬೇಕಾದವರು ಇದ್ದಾರೆ. ಕಿಡ್ನಿಯಲ್ಲಿ ಕಲ್ಲಾದವರನ್ನು ಐದು ವರ್ಷ ಹಿಂಬಾಲಿಸಿದ ಇಟಲಿಯ 1996ರ ಅಧ್ಯಯನದಲ್ಲಿ, ದಿನಕ್ಕೆ ಎರಡು ಲೀಟರ್ ಮೂತ್ರ ಬರುವಂತೆ ನೀರು ಕುಡಿದ 99 ಮಂದಿಯಲ್ಲಿ 12 ಜನರಿಗೆ ಕಲ್ಲು ಮರಳಿತು, ಹಾಗೆ ಕುಡಿಯದ 100 ಮಂದಿಯಲ್ಲಿ 27 ಜನರಿಗೆ. ಅಳತೆ ಇಟ್ಟದ್ದು ಕುಡಿದ ಲೋಟಕ್ಕಲ್ಲ, ಹೊರಬಂದ ಮೂತ್ರಕ್ಕೆ ಎಂಬುದನ್ನು ಗಮನಿಸಿ. ವಯಸ್ಸಾದವರಲ್ಲಿ ಬಾಯಾರಿಕೆಯ ಗಂಟೆ ಮೆಲ್ಲಗೆ ಬಾರಿಸುತ್ತದೆ. 24 ಗಂಟೆ ನೀರು ಕೊಡದೆ ಇರಿಸಿ ನೋಡಿದ 1984ರ ಪ್ರಯೋಗದಲ್ಲಿ ಎಪ್ಪತ್ತರ ಆಸುಪಾಸಿನ ಗಂಡಸರು ಯುವಕರಿಗಿಂತ ಕಡಿಮೆ ಬಾಯಾರಿಕೆ ಹೇಳಿದರು, ನೀರು ಕೊಟ್ಟಾಗಲೂ ಕಡಿಮೆಯೇ ಕುಡಿದರು. ಅಂಥವರಿಗೆ 'ಚಹಾ ಬಿಟ್ಟು ನೀರು ಕುಡಿಯಿರಿ' ಎಂದು ಗದರಿಸಿದರೆ ಇದ್ದ ನಾಲ್ಕು ಲೋಟ ಚಹಾವೂ ತಪ್ಪುತ್ತದೆ, ನೀರೂ ಒಳಗೆ ಹೋಗುವುದಿಲ್ಲ. ಅವರಿಗೆ ಚಹಾವೇ ನೀರು. ಆರು ತಿಂಗಳೊಳಗಿನ ಕೂಸಿಗಂತೂ ತಾಯಿಯ ಹಾಲೇ ನೀರು, ಬೇರೆ ನೀರು ಕೊಡಲೇಬಾರದು.

ಉಳಿದವರಿಗೆ ಬಾಯಾರಿಕೆ ಇದೆ, ಮೂತ್ರದ ಬಣ್ಣವಿದೆ. ತಿಳಿ ಹಳದಿಯಾಗಿದ್ದರೆ ಸಾಕು. ಬಿ-ಕಾಂಪ್ಲೆಕ್ಸ್ ಮಾತ್ರೆ ನುಂಗಿದ ದಿನ ಮಾತ್ರ ಈ ಪರೀಕ್ಷೆ ನಡೆಯುವುದಿಲ್ಲ, ಅದರಲ್ಲಿನ ರೈಬೋಫ್ಲಾವಿನ್ ಎಷ್ಟು ನೀರು ಕುಡಿದರೂ ಹಳದಿಯನ್ನು ಬಿಡುವುದಿಲ್ಲ.

ಮೊನ್ನೆ ಹೋದಾಗ ಅಣ್ಣನ ಮಗಳು ಹೊಸ ಆ್ಯಪ್ ಹಾಕಿಕೊಂಡಿದ್ದಳು. ಇದರಲ್ಲಿ ಕಾಫಿಗೂ ಜಾಗವಿದೆಯಂತೆ, ಆದರೆ ನೂರಕ್ಕೆ ಎಂಬತ್ತು ಮಾತ್ರ ಲೆಕ್ಕ. ಉಳಿದ ಇಪ್ಪತ್ತು ಎಲ್ಲಿ ಹೋಯಿತೇ ಎಂದು ಕೇಳಿದೆ. 'ಗೊತ್ತಿಲ್ಲ ಚಿಕ್ಕಪ್ಪ, ಅದು ಆ್ಯಪಿನೋರನ್ನೇ ಕೇಳಬೇಕು' ಎಂದಳು. ಅಡುಗೆಮನೆಯಲ್ಲಿ ಅವಳಪ್ಪ ಚಹಾದ ಲೋಟ ತೊಳೆದಿಟ್ಟು, ಬಾಟಲಿಯಿಂದ ಅಷ್ಟೇ ನೀರು ಸುರಿಯುತ್ತಿದ್ದ.